ತಪ್ಪು ತಂದ ಗುಂಡಿಗಳು

ಬಾಣದ ಗುರುತು ಸುಮ್ಮನೆ ನಿಂತಿದೆ, ಕಪ್ಪು ಪರದೆಯ ಎಡತುದಿಯಲ್ಲಿ, ಒಂದು ಗಿಡ್ಡ ಗೆರೆ, ಅದಕ್ಕೊಂದು ಚೂಪು ಮೂತಿ, ಮುಂದೆ ಮಿಣುಕುವ ಕಡ್ಡಿ — ತಪ್ಪು ಎನ್ನುತ್ತಿಲ್ಲ, ಸರಿ ಎಂದೂ ಎನ್ನುತ್ತಿಲ್ಲ, ನಾನು ಬರೆದದ್ದನ್ನು ನುಂಗಿಕೊಂಡು ಕೂತಿದೆ, ಮತ್ತೆ ಓದುತ್ತೇನೆ, ಸೆಲೆಕ್ಟ್ ಬಣ್ಣ, ಫ್ರಮ್ ಕೊಡೆಗಳು, ವೇರ್ ಹಿಡಿ ಮರದ್ದು, ಎಲ್ಲ ಇದೆಯಲ್ಲ, ಪಕ್ಕದಲ್ಲಿ ಡ್ರೈವರ್ ಸಾಹೇಬರು ತಮ್ಮ ಪರದೆಯನ್ನು ಹಾವಿನ ಬುಟ್ಟಿಯೋ ಎಂಬಂತೆ ಹಿಂದಕ್ಕೆ ವಾಲಿಕೊಂಡು ನೋಡುತ್ತಿದ್ದಾರೆ, ಮಂಡಿ ಕೆಟ್ಟ ಮೇಲೆ ಬಸ್ಸು ಬಿಟ್ಟು ನಮ್ಮ ವಿಭಾಗಕ್ಕೆ ಬಂದವರು, ಜನ ಬಸ್ಸಿನಲ್ಲಿ ಮರೆತುಹೋದದ್ದನ್ನೆಲ್ಲ ಕಾಯುವ ವಿಭಾಗ ನಮ್ಮದು, ಕೊಡೆ, ಚೀಲ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಇನ್ನು ಮೇಲೆ ಇವೆಲ್ಲ ಕಂಪ್ಯೂಟರಿನ ಕೋಷ್ಟಕದಲ್ಲಿ, ಬೇಕಾದ್ದನ್ನು ಅದರ ಭಾಷೆಯಲ್ಲೇ ಕೇಳಬೇಕು, ಹಾಗೆ ಕೇಳಲು ಕಲಿತವರು ಕೌಂಟರಿನಲ್ಲಿ ಉಳಿಯುತ್ತಾರೆ, ಕಲಿಯದವರು ಹಿಂದಿನ ಗೋದಾಮಿಗೆ, ಇವತ್ತು ಪರೀಕ್ಷೆ, ಅದಕ್ಕೆ ಮೊದಲು ಕೈ ಪಳಗಲಿ ಎಂದು ಈ ಒಂದು ಸಾಲು, ಇದಕ್ಕೇ ಹೀಗೆ. ಟೀಚರಮ್ಮ ನನ್ನ ಭುಜದ ಮೇಲಿಂದ ಬಗ್ಗುತ್ತಾಳೆ, ನನ್ನ ಅರ್ಧ ವಯಸ್ಸಿನವಳು, ಬೈಯುವುದೇ ಗೊತ್ತಿಲ್ಲ, ಕೊನೇಲಿ ಸೆಮಿಕೋಲನ್ ಹಾಕಿಲ್ಲ ಮೇಡಂ, ಅದು ಬರೋವರೆಗೂ ಇದು ಕಾಯ್ತಾನೇ ಇರುತ್ತೆ, ನೀವಿನ್ನೂ ಹೇಳಿ ಮುಗಿಸಿಲ್ಲ ಅಂದ್ಕೊಂಡಿದೆ ಪಾಪ.

ಹೇಳಿ ಮುಗಿಸಿಲ್ಲ — ಬೀದಿ ಕಡೆಯ ಕೋಣೆ, ಕಿಟಕಿಗೆ ಮುಖ ಮಾಡಿದ ಹೊಲಿಗೆ ಮಿಷನ್ನು, ಅಮ್ಮನ ಬೆನ್ನು, ನನ್ನ ಬಾಲ್ಯವೆಲ್ಲ ಆ ಬೆನ್ನಿನ ಹಿಂದೆಯೇ ಕಳೆಯಿತೇನೋ, ಕಾಲು ತುಳಿಯುತ್ತಲೇ ಇರುತ್ತಿತ್ತು, ಕಣ್ಣು ಸೂಜಿಯ ಮೇಲೆ, ಬಲಗೈ ಬಟ್ಟೆಯ ಮೇಲೆ, ಎಡಗೈ ಮಾತ್ರ ತಿರುಗದೆಯೇ ಹಿಂದಕ್ಕೆ ಚಾಚುತ್ತಿತ್ತು, ಅಂಗೈ ಮೇಲೆ ಮಾಡಿ, ಗೆರೆಗಳಲ್ಲಿ ನೀಲಿ ಸೀಮೆಸುಣ್ಣ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಒರಟಾದ ಚರ್ಮ, ಗುಂಡಿ, ಎನ್ನುತ್ತಿದ್ದಳು, ಉದ್ದ ಡಬ್ಬದಿಂದ, ನಾಲ್ಕು ತೂತಿಂದು — ಮೊದಲು ಏನು, ಆಮೇಲೆ ಎಲ್ಲಿಂದ, ಆಮೇಲೆ ಎಂಥದ್ದು, ಯಾವತ್ತೂ ಅದೇ ಕ್ರಮ, ಟೀಚರಮ್ಮ ಮೊದಲ ದಿನ ಬೋರ್ಡಿನ ಮೇಲೆ ಸೆಲೆಕ್ಟ್, ಫ್ರಮ್, ವೇರ್ ಎಂಬ ಮೂರು ಪದಗಳನ್ನು ಒಂದರ ಕೆಳಗೊಂದು ಬರೆದಾಗ ಎಲ್ಲರೂ ತಲೆ ಕೆರೆದುಕೊಂಡರು, ನನಗೆ ಮಾತ್ರ ಮಿಷನ್ ಎಣ್ಣೆಯ ವಾಸನೆ ಬಂತು, ಯಾರಿಗೆ ಹೇಳಲಿ. ಅಮ್ಮ ಅಷ್ಟು ಹೇಳುವುದೇ ತಡ ನಾನು ಚಿಮ್ಮಿ ಓಡುತ್ತಿದ್ದೆ, ನಿಲ್ಲೇ ಕುದುರೆ, ನಾನು ಹ್ಞೂಂ ಅಂದ್ನಾ, ಎಂದು ಹಿಂದಿನಿಂದ ಕೂಗು, ಏಕೆಂದರೆ ಮಾತು ಇನ್ನೂ ಬಾಕಿ ಇರುತ್ತಿತ್ತು, ಹೊಳಪಿಲ್ಲದ್ದು, ಅಂಚು ದಪ್ಪ ಇರೋದು, ಆಮೇಲೆ ಹ್ಞೂಂ, ಆ ಹ್ಞೂಂ ಬಿದ್ದ ಮೇಲೆಯೇ ಹೋಗಬೇಕು, ಅಕ್ಕ ಬಾಗಿಲಿಗೆ ಒರಗಿ ಪುಸ್ತಕ ಓದುತ್ತಾ ನಗುತ್ತಿದ್ದಳು, ಅಮ್ಮಂಗೆ ಒಳ್ಳೆ ನಾಯಿಮರಿ ಸಿಕ್ಕಿದೆ ನೋಡು ಎಂದು, ನಗಲಿ, ನನಗೆ ಆ ಓಟವೇ ಬೇಕಿತ್ತು, ಓಡಿ ಬಂದು ಆ ಅಂಗೈಯಲ್ಲಿ ಇಟ್ಟಾಗ ಬೆರಳು ಮುಚ್ಚಿದರೆ ಸರಿ ಎಂದರ್ಥ, ಮುಚ್ಚದಿದ್ದರೆ ತಪ್ಪು, ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿ, ಏನೂ ಅನ್ನದೆ, ಕೈ ಪಕ್ಕಕ್ಕೆ ಹೋಗಿ ಮಿಷನ್ನಿನ ಕಾಲಬುಡದಲ್ಲಿದ್ದ ಸಣ್ಣ ತಗಡಿನ ಡಬ್ಬಕ್ಕೆ ಅದನ್ನು ಬೀಳಿಸುತ್ತಿತ್ತು, ಟಣ್, ಆಮೇಲೆ ಮತ್ತೆ ಚಾಚುತ್ತಿತ್ತು. ಆ ಟಣ್ ಕೇಳಿದರೆ ಕಿವಿಯ ತನಕ ಬಿಸಿ ಏರುತ್ತಿತ್ತು, ಈಗಲೂ ಪರದೆಯಲ್ಲಿ ಎರರ್ ಎಂದು ಬಂದರೆ ಹಾಗೆಯೇ ಆಗುತ್ತದೆ, ಈ ವಯಸ್ಸಿಗೆ, ಸೆರಗಿನಿಂದ ಕಿವಿ ಮುಚ್ಚಿಕೊಳ್ಳೋಣ ಎನ್ನಿಸುತ್ತದೆ.

ಮಡಿಲಲ್ಲಿ ಫೋನು ನಡುಗುತ್ತಿದೆ, ಅಕ್ಕನ ಮೆಸೇಜು, ಅಮ್ಮನ ಮನೆಗೆ ಗುಜರಿಯವನು ಬಂದಾಯ್ತು, ಸಂಜೆಗೆ ಓನರಿಗೆ ಕೀ ಕೊಡಬೇಕು, ನನ್ನ ಕಾರಲ್ಲಿ ಒಂದು ಪೆಟ್ಟಿಗೆಗೆ ಜಾಗ, ಕತ್ತರಿ ನಾನು ತಗೊಂಡೆ, ನಿನಗೇನು ಇಟ್ಕೊಳ್ಲಿ ಹೇಳು, ಎಲ್ಲಾ ಅನ್ಬೇಡ — ನಾನು ಎಲ್ಲ ಎಂದೇ ಟೈಪು ಮಾಡುತ್ತಿದ್ದೆ, ಅವಳಿಗೆ ಹೇಗೆ ಗೊತ್ತಾಯಿತೋ. ರಜೆ ಹಾಕಿ ಬರುತ್ತೇನೆ ಎಂದಿದ್ದೆ, ಬೇಡಮ್ಮಾ ಪುಟ್ಟಿ, ನೀನು ಬಂದ್ರೆ ಒಂದೊಂದು ಚಿಂದೀನೂ ಮೂಸ್ತಾ ಕೂರ್ತೀಯ, ಪರೀಕ್ಷೆ ಬರೆದು ಕೌಂಟರ್ ಉಳಿಸ್ಕೋ ಎಂದಳು, ಅವಳು ಹೇಳುವುದು ಯಾವಾಗಲೂ ಸರಿ, ಅದೇ ಅವಳ ಮೇಲೆ ನನ್ನ ದೂರು. ನಕ್ಷತ್ರದ ಗುರುತು ಹಾಕಿದರೆ ಎಲ್ಲವೂ ಬರುತ್ತೆ, ಹೊಸಬರಿಗೆ ಆ ನಕ್ಷತ್ರ ಬಹಳ ಇಷ್ಟ, ಬೇಕಾದ್ದು ಯಾವುದು ಅಂತ ಗೊತ್ತಿದ್ದೋರು ಹಾಕಲ್ಲ ಎಂದು ಟೀಚರಮ್ಮ ಹೇಳಿದ್ದಳು, ಗೊತ್ತಿದ್ದರೆ ತಾನೆ, ಆ ಕೋಣೆಯಲ್ಲಿ ಏನಿಲ್ಲ, ಉದ್ದ ಡಬ್ಬ, ಚಪ್ಪಟೆ ಡಬ್ಬ, ಕೊಕ್ಕೆಗಳದ್ದು, ನೂಲಿನುಂಡೆಗಳದ್ದು, ಮಿಷನ್ನು, ಸವೆದ ಸ್ಟೂಲು, ಹೇಳದೆ ಬಿಟ್ಟರೆ ಎಲ್ಲವೂ ತಳ್ಳುಗಾಡಿಗೆ, ಮೊನ್ನೆ ನಾನು ಮಾಡಿದೆನಲ್ಲ ಹಾಗೆ, ಹರಿದ ಒಂದು ಚೀಲವನ್ನು ಅಳಿಸಲು ಹೋಗಿ ಡಿಲೀಟ್ ಎಂದೆ, ಎಂಥದ್ದನ್ನು ಎನ್ನುವ ಸಾಲನ್ನೇ ಬರೆಯದೆ ಸೆಮಿಕೋಲನ್ ಒತ್ತಿಬಿಟ್ಟೆ, ಒಂದು ಉಸಿರಿನಲ್ಲಿ ಕೋಷ್ಟಕ ಬೋಳಾಯಿತು, ಒಂದು ಕೊಡೆ ಇಲ್ಲ, ಒಂದು ಚಪ್ಪಲಿ ಇಲ್ಲ, ಡ್ರೈವರ್ ಸಾಹೇಬರು ಇಣುಕಿ, ಬಸ್ಸಾಗಿದ್ರೆ ಬ್ರೇಕಾದ್ರೂ ಇರ್ತಿತ್ತು ಮೇಡಂ, ಎಂದರು, ಎಲ್ಲರೂ ನಕ್ಕರು, ಟೀಚರಮ್ಮ ಮಾತ್ರ, ಹೆದರ್ಬೇಡಿ, ಇದು ಕಲಿಯೋಕೆ ಇಟ್ಟಿರೋ ನಕಲು, ಅಸಲು ಬೇರೆ ಕಡೆ ಭದ್ರವಾಗಿದೆ ಎಂದು ಏನೋ ಒತ್ತಿದಳು, ಕೊಡೆಗಳೆಲ್ಲ ಮರಳಿ ಬಂದವು. ಆ ಕೋಣೆಗೆ ನಕಲು ಎಲ್ಲಿದೆ.

ಪರೀಕ್ಷೆಯ ಹಾಳೆ ಬಂತು, ಮೊದಲನೆಯದು ಸುಲಭ, ಎರಡನೆಯದೂ ಆಯಿತು, ಮೂರನೆಯದು, ಬಣ್ಣ ನಮೂದಿಸದೆ ಬಿಟ್ಟ ವಸ್ತುಗಳನ್ನು ಹುಡುಕಿ, ವೇರ್ ಬಣ್ಣ ಸಮ ನಲ್ ಎಂದು ಬರೆದೆ, ಒಂದೂ ಬರಲಿಲ್ಲ, ಇವೆ ಎಂದು ನನಗೆ ಗೊತ್ತು, ಕಣ್ಣಾರೆ ಕಂಡಿದ್ದೇನೆ, ಬರುತ್ತಿಲ್ಲ, ಟೀಚರಮ್ಮ ಏನು ಹೇಳಿದ್ದಳು, ನಲ್ ಅಂದ್ರೆ ಸೊನ್ನೆ ಅಲ್ಲ, ಗೊತ್ತಿಲ್ಲ ಅಂತ, ಗೊತ್ತಿಲ್ಲದ್ದನ್ನ ಇನ್ನೊಂದಕ್ಕೆ ಸಮ ಅಂತ ಹೇಗೆ ಹೇಳ್ತೀರ — ಆಸ್ಪತ್ರೆಯ ಹಾಸಿಗೆ, ಗೋಡೆಯ ಕಡೆ ತಿರುಗಿ ಮಲಗಿದ ಅಮ್ಮ, ಮತ್ತೆ ಅದೇ ಬೆನ್ನು, ಎಷ್ಟು ಸಣ್ಣದಾಗಿತ್ತು, ಸೂಜಿ ಚುಚ್ಚಿ ನೀಲಿಗಟ್ಟಿದ ಎಡಗೈ ಮೆಲ್ಲಗೆ ಹಿಂದಕ್ಕೆ ಬಂತು, ಅಂಗೈ ಮೇಲೆ ಮಾಡಿ, ಪುಟ್ಟಿ, ತಾ, ಡಬ್ಬದಿಂದ, ಎಂದಳು, ನಾನು ಎದ್ದು ನಿಂತೆ, ಯಾವ ಡಬ್ಬ ಅಮ್ಮ, ಎಂಥದ್ದು, ಓಡಲು ಕಾಲು ಸಿದ್ಧವಾಗಿತ್ತು, ಬಾಕಿ ಮಾತಿಗೆ ಕಾದೆ, ಹ್ಞೂಂಗೆ ಕಾದೆ, ಅಂಗೈ ಹಾಗೆಯೇ ಇತ್ತು, ನರ್ಸು ಬಂದು ಅದನ್ನು ಹೊದಿಕೆಯೊಳಗೆ ಸೇರಿಸುವ ತನಕ ಹಾಗೆಯೇ ಇತ್ತು. ಅಂದಿನಿಂದ ನಾನು ಡಬ್ಬಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ತೆರೆದು ನೋಡಿದ್ದೇನೆ, ಮುತ್ತಿನ ಗುಂಡಿಯೋ, ಕೊಕ್ಕೆಯೋ, ಬೆರಳಿಗೆ ಹಾಕುವ ಟೋಪಿಯೋ, ಯಾವುದನ್ನು ಇಟ್ಟಿದ್ದರೆ ಆ ಬೆರಳು ಮುಚ್ಚುತ್ತಿತ್ತು. ಸಮ ಎನ್ನಬಾರದು, ಗೊತ್ತಿಲ್ವಾ ಅಂತ ಕೇಳಿ, ಇಸ್ ನಲ್ ಎಂದು ಬರೀರಿ ಮೇಡಂ ಎಂದಿದ್ದಳು ಟೀಚರಮ್ಮ, ಹೌದು, ಅದೇ, ಸಮ ಅಳಿಸಿ ಇಸ್ ಎಂದು ಬರೆಯುವಷ್ಟರಲ್ಲಿ ಫೋನು ಮತ್ತೆ ನಡುಗುತ್ತದೆ, ಈ ಸಲ ನಿಲ್ಲುತ್ತಲೇ ಇಲ್ಲ, ಟೀಚರಮ್ಮನ ಕಡೆ ನೋಡುತ್ತೇನೆ, ಬಾಗಿಲ ಕಡೆ ಗಲ್ಲ ತೋರಿಸುತ್ತಾಳೆ, ಎದ್ದೆ.

ಕಾರಿಡಾರಿನಲ್ಲಿ ಫಿನೈಲಿನ ವಾಸನೆ, ಕಿಟಕಿಯಾಚೆ ಬಸ್ಸು ತೊಳೆಯುತ್ತಿದ್ದಾರೆ, ಫೋನಿನಲ್ಲಿ ಅಕ್ಕನ ಹಿಂದೆ ಗುಜರಿಯವನು ಏನನ್ನೋ ಎತ್ತಿ ಹಾಕಿದ ಸದ್ದು, ಅವನಿಗೆ ಹೊತ್ತಾಯ್ತಂತೆ ಕಣೇ, ಉದ್ದ ಡಬ್ಬ ಇಟ್ಕೊಳ್ಲಾ, ಅದರಲ್ಲಿ ಒಳ್ಳೊಳ್ಳೆ ಗುಂಡಿ ಇವೆ, ನಾನು ಗೊತ್ತಿಲ್ಲ ಎಂದೆ, ಚಪ್ಪಟೆಯದಾ ಎಂದಳು, ಗೊತ್ತಿಲ್ಲ ಅಕ್ಕ, ಅವಳು ಏನನ್ನೋ ಸರಿಸಿದ ಸದ್ದು, ಮಿಷನ್ ಕೆಳಗಡೆ ಇನ್ನೊಂದು ಸಣ್ಣದಿದೆ, ತುಕ್ಕು ಹಿಡಿದಿದೆ, ಒಂದಕ್ಕೊಂದು ಸಂಬಂಧ ಇಲ್ಲ ಇದರಲ್ಲಿ, ಎರಡು ತೂತಿಂದು, ಹೊಳೆಯೋದು, ಒಡೆದಿರೋದು, ಒಂದು ಕೋಟಿನ ಗುಂಡಿ, ಇದನ್ನಂತೂ ಎಸೀತೀನಿ — ನನ್ನ ಕಿವಿ ಬಿಸಿಯಾಯಿತು, ಅದು ನಾನು ತಪ್ಪು ತಂದದ್ದು ಎಂದೆ, ಅದರಲ್ಲಿ ಇನ್ನೂ ಇದೆಯಾ, ಅಮ್ಮ ರಾತ್ರಿ ಎಲ್ಲವನ್ನೂ ಅದರದರ ಡಬ್ಬಕ್ಕೆ ವಾಪಸು ಹಾಕುತ್ತಾಳೆ ಎಂದುಕೊಂಡಿದ್ದೆ, ಅಷ್ಟು ಓರಣದವಳು, ಒಂದು ನೂಲೂ ಜಾಗ ತಪ್ಪಬಾರದು ಎನ್ನುತ್ತಿದ್ದವಳು. ಅಕ್ಕ ಮೂಗೇರಿಸಿದಳು, ನಕ್ಕಳೋ ಅತ್ತಳೋ ತಿಳಿಯಲಿಲ್ಲ, ಅಯ್ಯೋ ಹೌದಲ್ವಾ, ಮರೆತೇಬಿಟ್ಟಿದ್ದೆ ನೋಡು, ನಾನೇ ಒಂದ್ಸಲ ತೆಗೆದು ವಾಪಸ್ ಹಾಕೋಕೆ ಹೋದ್ರೆ ಕೈಗೆ ಒಂದೇಟು ಕೊಟ್ಲು, ಮುಟ್ಬೇಡ, ಅದು ಪುಟ್ಟಿ ಓಡೋಡಿ ತಂದಿದ್ದು ಅಂತ.

ಬಸ್ಸಿನ ಮೇಲಿಂದ ನೀರು ಇಳಿಯುತ್ತಿದೆ, ನಾನು ನೋಡುತ್ತಿದ್ದೇನೆ, ಕಿಟಕಿ ಸರಳು ತಣ್ಣಗಿದೆ, ಆ ಸಣ್ಣ ಡಬ್ಬ ಒಂದೇ ಸಾಕು ಎಂದೆನೇನೋ, ಉಳಿದದ್ದು ಕೊಟ್ಟುಬಿಡು ಎಂದೆನೇನೋ, ಸರಿಯಾಗಿ ಯೋಚನೆ ಮಾಡಿ ಹೇಳೇ, ಆಮೇಲೆ ಅಳ್ಬಾರ್ದು, ಅಕ್ಕ ಕೇಳಿದಳು, ಕೊಡಬಹುದಾ, ಪೂರ್ತಿ ಹೇಳಿದೆಯಾ, ನಾನು ಹ್ಞೂಂ ಎಂದೆ, ಎಂದ ಮೇಲೆ ಆ ಸದ್ದು ನನ್ನದೇ ಎಂದು ನಂಬಲಾಗಲಿಲ್ಲ. ಒಳಗೆ ಬಂದು ಕೂರುತ್ತೇನೆ, ಡ್ರೈವರ್ ಸಾಹೇಬರು ತುಟಿ ಅಲ್ಲಾಡಿಸದೆ, ನಾಲ್ಕನೇದಕ್ಕೆ ಏನು ಬರೆದ್ರಿ ಎನ್ನುತ್ತಾರೆ, ಇನ್ನೂ ಮೂರನೆಯದರಲ್ಲೇ ಇದ್ದೇನೆ, ಎದ್ದು ಹೋಗುವ ಗಡಿಬಿಡಿಯಲ್ಲಿ ಸಾಲು ಬರೆದು ಎಂಟರ್ ಒತ್ತಿ ಹೋಗಿದ್ದೇನೆ, ಎಲ್ಲ ಸರಿಯಾಗಿದೆ, ಬಣ್ಣ ಇಸ್ ನಲ್, ಕೊನೆಯ ಸೆಮಿಕೋಲನ್ ಒಂದು ಬಾಕಿ, ಕಿರುಬೆರಳು ಆ ಕೀಲಿಯ ಮೇಲೇ ಇದೆ, ಒತ್ತಿದರೆ ಮುಗಿಯಿತು, ಒತ್ತುತ್ತೇನೆ, ಒಂದು ನಿಮಿಷ — ಬಾಣ ಎಡತುದಿಯಲ್ಲಿ ನಿಂತಿದೆ, ಮುಂದಿನ ಕಡ್ಡಿ ಮಿಣುಕುತ್ತಿದೆ, ಆರುತ್ತಿದೆ, ಮಿಣುಕುತ್ತಿದೆ, ಏನೂ ಬೈಯದೆ, ಅವಸರ ಮಾಡದೆ, ನನ್ನ ಕಡೆ ತಿರುಗದೆ, ಸೀಮೆಸುಣ್ಣದ ಗೆರೆಗಳು, ಒರಟು ಬೆರಳ ತುದಿಗಳು, ತೆರೆದ ಅಂಗೈ