ನಾಲ್ಕನೇ ನಂಬರಿನ ಅತ್ತೆ

“ನಾಲ್ಕನೇ ನಂಬರ್, ಕೇಳಿಸ್ತಿದೆಯಾ? ಉತ್ತರ ಕೊಡಿ.”

ಟೆಕ್ನೀಷಿಯನ್ ಎಷ್ಟು ಕೂಗಿದರೂ ಸ್ಪೀಕರಿನಿಂದ ಬರೀ ಗೊರಗೊರ ಸದ್ದು. ಸರ್ಕಾರಿ ದೂರಸಂಪರ್ಕ ಸಂಶೋಧನಾಲಯದ ಹಿಂಬದಿಯಲ್ಲಿ, ಕುಸಿದ ಕಟ್ಟಡದಂತೆ ಪೇರಿಸಿದ್ದ ಕಾಂಕ್ರೀಟ್ ರಾಶಿಯ ಸುತ್ತ ಶಾಸಕರ ಸಮಿತಿ ನಿಂತಿತ್ತು. ರಾಶಿಯ ಅಡಿಯ ಗೂಡಿನಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ಹಿಡಿದು ಕೂತಿದ್ದವರು ಅಲ್ಲಿಯ ಎಂಜಿನಿಯರ್ ಒಬ್ಬಳ ಅತ್ತೆ. ಬಿರುಕಿನೊಳಗೆ ತೂರಿಸಿದರೆ ಸಾಕು, ಕಲ್ಲು ಕಾಂಕ್ರೀಟು ದಾಟಿ ಮಾತು ಮುಟ್ಟಿಸುವ ಆ ಪೆಟ್ಟಿಗೆ ಸೊಸೆಯ ಕೈಕೆಲಸ.

ಪರೀಕ್ಷೆಗೆ ಹೊರಗಿನವರನ್ನೇ ಕೂರಿಸಬೇಕು, ಅವರಿಗೆ ಏನೂ ಹೇಳಿಕೊಡಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟು. ನಿಜವಾಗಿ ಸಿಕ್ಕಿಬಿದ್ದವರಿಗೆ ಮುಂಚೆ ಯಾರು ಪಾಠ ಹೇಳಿರುತ್ತಾರೆ? ಹಾಗಾಗಿ ಕೆಲಸದವರ ಮನೆಮಂದಿ ಸರದಿಯಂತೆ ಬಂದು ಕೂರುತ್ತಿದ್ದರು. “ಸೊಸೆ ನನ್ನನ್ನ ಮಣ್ಣು ಮಾಡೋಕೆ ಕರ್ಕೊಂಡು ಹೋಗ್ತಿದ್ದಾಳೆ” ಎಂದು ಬೀದಿಗೆಲ್ಲ ಸಾರಿಯೇ ಅತ್ತೆ ಹೊರಟಿದ್ದರು.

ಸಮಿತಿಯ ಹಿರಿಯ ಸದಸ್ಯರು ವಾಚು ನೋಡಿಕೊಂಡರು. ತುರ್ತು ರಕ್ಷಣೆಯ ಸಂಪರ್ಕ ಸಾಧನಗಳ ಸಂಶೋಧನೆಯನ್ನು ಸರ್ಕಾರವೇ ನಡೆಸಬೇಕೆನ್ನುವ ಕಲಮನ್ನು ಸಮಿತಿಯ ಮುಂದಿದ್ದ ಮಸೂದೆಯಿಂದ ಕಿತ್ತುಹಾಕಿ ಎಂದು ಹಟ ಹಿಡಿದಿದ್ದವರು ಅವರೇ. ಕಲಂ ಹೋದರೆ ಈ ವಿಭಾಗಕ್ಕೆ ಬೀಗ.

“ನೋಡಿದ್ರಲ್ಲ? ಹೊರಗಡೆಯಿಂದ ಕೊಂಡ್ಕೊಂಡ್ರೆ ಮುಗೀತು. ಇದಕ್ಯಾಕೆ ಕಾನೂನು?” ಎಂದರು.

ಸೊಸೆ ಯಂತ್ರದತ್ತ ಬಾಗಿದಳು. ಯಂತ್ರದ ದೀಪ ಹಸಿರಾಗಿಯೇ ಇದೆ, ಮಾತು ಒಳಗೆ ತಲುಪುತ್ತಿದೆ. ಮನೆಯಲ್ಲಿ ಅರೆಗಳಿಗೆ ಬಾಯಿ ಮುಚ್ಚದ ಹೆಂಗಸು ಒಳಗೆ ಎಚ್ಚರ ತಪ್ಪಿ ಬಿದ್ದಿದ್ದಾರೆಯೇ? ಮಸೂದೆಯೂ ಬೇಡ, ಏನೂ ಬೇಡ ಎನ್ನಿಸಿತು. ಮೈಕು ಕಿತ್ತುಕೊಂಡಳು.

“ಅತ್ತೆ! ಅತ್ತೆ, ನಾನು. ಹುಷಾರಾಗಿದ್ದೀರಾ?”

“ನನಗೇನೇ ಆಗಿದೆ, ಗುಂಡುಕಲ್ಲಿನ ಹಾಗಿದ್ದೀನಿ!” ಸ್ಪೀಕರು ಬಿರಿಯುವಂತೆ ದನಿ ಬಂತು. “ಅದ್ಯಾರೋ ಪಾಪ, ಆಗಿನಿಂದ ನಾಲ್ಕನೇ ನಂಬರನ್ನ ಕರೀತಾ ಇದ್ದಾನೆ. ಮಧ್ಯೆ ಬಾಯಿ ಹಾಕಬಾರದು ಅಂತ ಸುಮ್ನಿದ್ದೆ. ಮೊದಲು ಅವರನ್ನ ಹುಡುಕ್ರೋ. ನಾನೇನೂ ಓಡಿಹೋಗಲ್ಲ.”

ಟೆಕ್ನೀಷಿಯನ್ ತಲೆ ಚಚ್ಚಿಕೊಂಡ. ಹಿರಿಯ ಸದಸ್ಯರು ಮೈಕಿಗೆ ಕೈಚಾಚಿದರು.

“ತಾಯಿ, ನಾಲ್ಕನೇ ನಂಬರ್ ನೀವೇ.”

“ನಾನ್ಯಾಕೆ ನಂಬರ್ ಆಗ್ಲಿ? ಈ ಪೆಟ್ಟಿಗೆ ಮಾಡಿದವಳ ಅತ್ತೆ ನಾನು. ತಲೆ ಮೇಲೆ ಇಷ್ಟು ಕಲ್ಲಿದ್ರೂ ನೀವು ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ ನೋಡಿ. ಸಂತೆಯಲ್ಲಿ ತಂದಿದ್ದಲ್ಲ, ನಮ್ಮ ಹುಡುಗಿ ಮಾಡಿದ್ದು. ಇದರ ಧ್ಯಾನದಲ್ಲಿ ದಿನಾ ಅನ್ನ ಸೀದಿಸ್ತಾಳೆ ಅಂತ ಬೈತಿದ್ದೆ. ಸೀದುಹೋಗ್ಲಿ ಬಿಡಿ!”

ಅತ್ತೆಯ ಬಾಯಿಂದ ಹೊಗಳಿಕೆ ಬಂದದ್ದನ್ನು ಸೊಸೆ ಕೇಳಿದ್ದು ಅದೇ ಮೊದಲು. ಹೆಮ್ಮೆಯಿಂದ ಅವಳ ಎದೆ ತುಂಬಿ ಬಂತು. ಮುಖ ತಿರುಗಿಸಿಕೊಂಡು ಸುಮ್ಮನೆ ಯಾವುದೋ ತಿರುಪನ್ನು ಬಿಗಿಮಾಡತೊಡಗಿದಳು.

ಸದಸ್ಯರು ಸಮಿತಿಯ ಕಾರ್ಯದರ್ಶಿಯತ್ತ ತಿರುಗಿದರು. “ಕಲಂ ಇರಲಿ. ಇನ್ನೊಂದು ಸಾಲು ಸೇರಿಸಿ. ಸಿಕ್ಕಿಕೊಂಡವರನ್ನ ಮೊದಲು ಹೆಸರು ಕೇಳಬೇಕು, ನಂಬರ್ ಆಮೇಲೆ.”

ಚಪ್ಪಡಿ ಸರಿಸಿದಾಗ ಹೊರಬಂದ ಅತ್ತೆಯ ಮೈತುಂಬ ಸಿಮೆಂಟಿನ ಧೂಳು. ಒರೆಸಲು ಹೋದ ಸೊಸೆಯ ಕೈಯನ್ನು ಪಕ್ಕಕ್ಕೆ ತಳ್ಳಿದರು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಅತ್ತೆಯ ಸೀರೆ ನೋಡಿ ಮೂಗು ಮುರಿದು ಕಿಟಕಿಯತ್ತ ಸರಿದಳು. ಅತ್ತೆ ಇನ್ನಷ್ಟು ಒತ್ತಿ ಕೂತರು.

“ಇದು ಎಲ್ಲಿಯ ಧೂಳು ಅಂತ ಕೇಳಮ್ಮ” ಎಂದರು.