ಉಸ್ತಾದನ ಬೆನ್ನು

ಇರಕಲ್ಲಗಡದ ಬಸ್ ನಿಲ್ದಾಣದ ಹಿಂದೆ ಯಮನೂರಸಾಬನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರು ಬಿಚ್ಚಿ, ಒಳಗಿನ ಕರಕಲು ತಂತಿ ಕಿತ್ತು, ಹೊಸ ತಂತಿ ಸುತ್ತಿ ಅದಕ್ಕೆ ಮತ್ತೆ ಜೀವ ಕೊಡುವುದು ಅವನ ಕಸುಬು. ಸುತ್ತಲಿನ ಹಳ್ಳಿಗಳಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಅವನು ಉಸ್ತಾದ. ಯಾರಾದರೂ ಹಾಗೆ ಕರೆದರೆ ಗಡ್ಡದೊಳಗೇ ನಗುತ್ತಿದ್ದ, ಕೇಳಿಸದವನಂತೆ ನಟಿಸಿ ಇನ್ನೊಮ್ಮೆ ಕರೆಸಿಕೊಳ್ಳುತ್ತಿದ್ದ.

ಅವನ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ತಂತಿ ಸುತ್ತುವ ಹೊತ್ತಿಗೆ ಸರಿಯಾಗಿ ಗಿರಾಕಿಗೆ ಬೆನ್ನು ತಿರುಗಿಸಿ ಕೂರುವುದು. ಒಂದು ಸುತ್ತು ಹೆಚ್ಚಾದರೆ ಮೋಟಾರು ನೀರು ಎಳೆಯುವುದಿಲ್ಲ, ಕಡಿಮೆಯಾದರೆ ಕಾದು ಸುಡುತ್ತದೆ. ಯಾವ ಮೋಟಾರಿಗೆ ಎಷ್ಟು ಸುತ್ತು ಎಂಬ ಎಣಿಕೆಯೇ ಈ ಕಸುಬಿನ ಗುಟ್ಟು. ಗಂಗಾವತಿಯಲ್ಲಿ ಅವನಿಗೆ ವಿದ್ಯೆ ಕಲಿಸಿದ ಹಾಜಿಸಾಬ ಏಳು ವರ್ಷ ಬೆನ್ನು ತೋರಿಸಿಯೇ ಕಲಿಸಿದ. "ಎಣಿಕಿ ಮಂದಿ ಕಣ್ಣಿಗೆ ಬೀಳಬಾರದು, ಯಮನೂರ. ಎಣಿಕಿ ಹೋತಂದ್ರ ಅಂಗಡಿ ಹೋತು" ಅನ್ನುತ್ತಿದ್ದ. ಹಾಜಿಸಾಬ ತೀರಿಕೊಂಡು ಹನ್ನೆರಡು ವರ್ಷವಾದರೂ ಯಮನೂರಸಾಬನ ಬೆನ್ನು ಮಾತ್ರ ಆ ಮಾತನ್ನು ಮರೆತಿರಲಿಲ್ಲ.

ಎರಡು ವರ್ಷದ ಹಿಂದೆ ಅವನ ಬಲಗೈಯ ಮೂರು ಬೆರಳು ಜೋಮು ಹಿಡಿದವು, ಹಿಡಿದದ್ದು ಬಿಡಲೇ ಇಲ್ಲ. ಕೊಪ್ಪಳದ ಡಾಕ್ಟರು ಕುತ್ತಿಗೆಯ ನರ ಅಂದರು, ಗುಳಿಗೆ ಬರೆದುಕೊಟ್ಟರು. ಬೆರಳುಗಳು ಗುಳಿಗೆಗೆ ಸೊಪ್ಪು ಹಾಕಲಿಲ್ಲ. ನಟ್ಟು ತಿರುಗಿಸಲು ಎಡಗೈ ಸಾಲುತ್ತದೆ, ಸಣ್ಣ ಕಿಂಡಿಯಲ್ಲಿ ತಂತಿ ಪೋಣಿಸಲು ಸಾಲುವುದಿಲ್ಲ.

ಆದರೂ ಅಂಗಡಿ ಮುಚ್ಚಲಿಲ್ಲ, ಯಾಕೆಂದರೆ ಮುನ್ನಿ ಇದ್ದಳು. ಒಬ್ಬಳೇ ಮಗಳು, ಈಗ ಇಪ್ಪತ್ತೆರಡು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದ್ದು ಹೆಸರಿಗೆ, ಕಲಿತದ್ದೆಲ್ಲ ಅಪ್ಪನ ಭುಜದ ಮೇಲಿಂದ ಇಣುಕಿ. ಎರಡು ವರ್ಷದಿಂದ ಈ ಅಂಗಡಿ ದಾಟಿ ಹೋದ ಪ್ರತಿಯೊಂದು ಮೋಟಾರಿನ ತಂತಿಯನ್ನೂ ಸುತ್ತಿದವಳು ಅವಳೇ. ಒಂದೂ ಸುಟ್ಟು ವಾಪಸ್ ಬಂದಿರಲಿಲ್ಲ. ಇದು ಮನೆಯ ಮೂವರಿಗೆ ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿರಲಿಲ್ಲ.

ಗೊತ್ತಾಗದಂತೆ ನೋಡಿಕೊಂಡವನು ಯಮನೂರಸಾಬನೇ. ಮೊದಲ ದಿನ ಮುನ್ನಿ ಅಂಗಡಿಯ ಮುಂಭಾಗದಲ್ಲೇ ಕೂತು ಕೆಲಸಕ್ಕೆ ಕೈ ಹಾಕಿದ್ದಳು. ಒಬ್ಬ ಗಿರಾಕಿ ಅದನ್ನು ನೋಡಿ, "ಹುಡುಗಿ ಮೋಟಾರ್ ಕಟ್ಟತಾಳೇನು?" ಎಂದು ಕೇಳಿ, ಇಳಿಸಿದ ಮೋಟಾರನ್ನು ಮಾತಿಲ್ಲದೆ ಟಂಟಂ ಗಾಡಿಗೆ ಏರಿಸಿಕೊಂಡು ಹೊರಟುಹೋದ. ಯಮನೂರಸಾಬ ಅದೇ ದಿನ ಹೂವಿನ ಚಿತ್ತಾರದ ಪರದೆ ತಂದು ಅಂಗಡಿಯ ನಡುವೆ ಕಟ್ಟಿದ. ಮುಂದೆ ಅವನ ಮಾತು, ಹಿಂದೆ ಅವಳ ಕೆಲಸ. ಮುನ್ನಿ ತಂತಿಯ ಸುರುಳಿ ಎತ್ತಿಕೊಂಡು ಪರದೆಯ ಹಿಂದೆ ಹೋದಳು. ಅವಳು ಹಾಗೆ ಹೋದದ್ದೇ ಅವನಿಗೆ ಚುಚ್ಚುತ್ತಿತ್ತು.

ವಿಡಿಯೋದ ವಿಚಾರ ಎತ್ತಿದವಳೂ ಅವಳೇ. "ಅಬ್ಬಾ, ಮೋಟಾರ್ ಯಾಕ ಸುಡತಾವ ಅಂತ ದಿನಾ ಹತ್ತು ಮಂದಿಗೆ ಹೇಳ್ತೀರಿ. ಒಮ್ಮೆ ಫೋನಿನ ಮುಂದ ಹೇಳ್ರಿ, ಎಲ್ಲಾರೂ ಕೇಳ್ತಾರ."

ಉಸ್ತಾದ ಮರುದಿನ ಹಬ್ಬದ ಜುಬ್ಬಾ ಹಾಕಿಕೊಂಡು ಬಂದ. ಅತ್ತರು ಬೇರೆ ಹಚ್ಚಿದ್ದ. "ಅತ್ತರಿನ ವಾಸನಿ ಫೋನಿನಾಗ ಬರೂದಿಲ್ರಿ" ಎಂದು ಹೆಂಡತಿ ನೂರಜಾನಬಿ ನಕ್ಕರೂ ಕೇಳಲಿಲ್ಲ. ಬೆಳಕಿಗೆ ಬೆನ್ನು ಕೊಟ್ಟು ಕೂತದ್ದರಿಂದ ಮುಖ ಇದ್ದಿಲಾಗಿ ಬಂತು. ಎಂದೂ ಆಡದ ರೇಡಿಯೋ ಕನ್ನಡದಲ್ಲಿ "ಪ್ರಿಯ ವೀಕ್ಷಕ ಬಂಧುಗಳೇ, ತಮಗೆಲ್ಲರಿಗೂ ಹಾರ್ದಿಕ ಸ್ವಾಗತ" ಎಂದು ಶುರುಮಾಡಿ, ಹಾಜಿಸಾಬನಿಂದ ಹಿಡಿದು ಊರ ಹಿರಿಯರವರೆಗೆ ಆರು ನಿಮಿಷ ವಂದನೆ ಸಲ್ಲಿಸಿದ. ನಡುವೆ ಕುಷ್ಟಗಿ ಬಸ್ಸಿನ ಹಾರ್ನು ಎರಡು ಹೆಸರುಗಳನ್ನು ನುಂಗಿತು. ಏಳನೆಯ ನಿಮಿಷಕ್ಕೆ ಕೆಲಸ ತೋರಿಸುವ ಹೊತ್ತು ಬಂತು, ಅವನು ಮೋಟಾರು ಎಳೆದುಕೊಂಡು ರೂಢಿಯಂತೆ ತಿರುಗಿ ಕೂತು, ಎಡಗೈಯಿಂದ ಅದನ್ನು ಬಿಚ್ಚತೊಡಗಿದ. ಮುಂದಿನ ಹನ್ನೊಂದು ನಿಮಿಷ ಲೋಕಕ್ಕೆ ಕಂಡದ್ದು ಅವನ ಬೆನ್ನು, ಅದರ ಮೇಲೆ ಬೆವರಿನ ಒಂದು ನಕಾಶೆ.

ಮುನ್ನಿ ಒಂದು ಚಾನೆಲ್ ತೆರೆದು ಅದನ್ನು ಇಂಟರ್ನೆಟ್ಟಿಗೆ ಏರಿಸಿದಳು. ಮೂರು ದಿನದಲ್ಲಿ ಹತ್ತೊಂಬತ್ತು ಸಲ ಯಾರೋ ನೋಡಿದರು. ಅದರಲ್ಲಿ ಏಳು ಸಲ ನೂರಜಾನಬಿ. ವಿಡಿಯೋದ ಕೆಳಗೆ ಯಾರೋ ಬರೆದದ್ದು ಒಂದೇ ಒಂದು ಮಾತು: "ಬೆನ್ನು ಛಲೋ ಐತಿ ಚಾಚಾ. ಮೋಟಾರ್ ಯಾವಾಗ ತೋರಸ್ತೀರಿ?"

ಉಸ್ತಾದನಿಗೆ ಪಿತ್ತ ನೆತ್ತಿಗೇರಿತು. ಎರಡು ದಿನ ಫೋನು ಮುಟ್ಟಲಿಲ್ಲ. ಮೂರನೆಯ ದಿನ ಒಬ್ಬನೇ ಕೂತು ಆ ವಿಡಿಯೋ ಪೂರ್ತಿ ನೋಡಿದ. ನಡುವೆ ಅವನಿಗೇ ಆಕಳಿಕೆ ಬಂತು. ಬರೆದವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಎರಡನೆಯದಕ್ಕೆ ಅಂದ ಬರಲಿ ಎಂದು ಹಿಂದೆ ಸಿನಿಮಾ ಹಾಡು ಹಾಕಿಸಿದ. ಹಾಡಿನ ಒಡೆಯರು ತಕರಾರು ಎತ್ತಿದರಂತೆ, ಮಾರನೆಯ ದಿನ ವಿಡಿಯೋದ ದನಿಯೇ ಮಾಯ. "ಹಾಡು ಮಂದಿದು, ಅಬ್ಬಾ. ಕೇಳದ ತಗೊಂಡ್ರ ಕದ್ದಂಗ" ಅಂದಳು ಮುನ್ನಿ. ಮೂರನೆಯದರಲ್ಲಿ ಗಂಟೆ ಒತ್ತಿರಿ, ಚಾನೆಲ್ಲಿಗೆ ಸೇರಿರಿ ಎಂದು ಐದು ಸಲ ಕೈಮುಗಿದ. ಮುನ್ನಿ ಅದನ್ನೂ ಕತ್ತರಿಸಿದಳು. "ಗಿರಾಕಿ ಅಂಗಡಿ ಪಾವಟಿಗಿ ಏರಿಲ್ಲ, ಆಗಲೇ ಮತ್ತ ಬರ್ರಿ ಅಂದಂಗ ಆಗತೈತಿ. ಮೊದಲ ಕೆಲಸ ತೋರಸೂಣು."

ನಾಲ್ಕನೆಯದನ್ನು ಅವಳು ತನ್ನ ರೀತಿಯಲ್ಲಿ ಮಾಡಿದಳು. ಪರದೆಯ ಹಿಂದೆ, ಕಿಟಕಿಯ ಬೆಳಕಿನಲ್ಲಿ, ಕಬ್ಬಿಣದ ಸರಳಿಗೆ ಫೋನು ಕಟ್ಟಿ ಕೆಳಮುಖ ಇಳಿಬಿಟ್ಟಳು. ಅದಕ್ಕೆ ಕಾಣುವುದು ಮೋಟಾರು ಮತ್ತು ಮಣಿಕಟ್ಟಿನವರೆಗಿನ, ಕರಿ ಮೆತ್ತಿದ ಎರಡು ಕೈ ಮಾತ್ರ. ಸದ್ದು ಬರಬಾರದೆಂದು ಫ್ಯಾನು ಬಂದ್. ಕೈ ಮುನ್ನಿಯದು, ಪಕ್ಕದಲ್ಲಿ ಕೂತು ಮಾತು ಯಮನೂರಸಾಬನದು, ಅದೂ ಅಂಗಡಿಯ ಮಾತು: "ನೋಡ್ರಿ, ಮೋಟಾರು ತಾನಾಗೇ ಸುಡೂದಿಲ್ಲ, ನಾವ ಸುಡತೀವಿ. ಮೂರು ತಂತ್ಯಾಗ ಒಂದಕ್ಕ ಕರೆಂಟ್ ಇಲ್ಲದಾಗ ಸ್ವಿಚ್ ಒತ್ತತೀವಲ್ಲ, ಅಲ್ಲೇ ಅದರ ಕತಿ ಮುಗೀತು." ನಾಲ್ಕೇ ನಿಮಿಷ. ಸುತ್ತು ಎಣಿಸುವ ಜಾಗ ಬಂದಾಗ ಮಾತ್ರ, ಹಾಜಿಸಾಬನ ಮಾತಿಗೆ ಕಟ್ಟುಬಿದ್ದು, ಕತ್ತರಿಸಿದರು.

ಆ ವಿಡಿಯೋ ಓಡಿತು. ಹದಿನೈದು ದಿನದಲ್ಲಿ ನಲವತ್ತು ಸಾವಿರ. ಯಲಬುರ್ಗಾದಿಂದ, ಸಿಂಧನೂರಿನಿಂದ, ಎಲ್ಲೆಲ್ಲಿಂದಲೋ ರೈತರು ಬರೆದರು. ಹೆಚ್ಚಿನವರು ಬರೆದದ್ದು ಒಂದೇ: "ಏನ್ ಕೈ ರೀ ಉಸ್ತಾದ್ರ ನಿಮ್ಮದು! ಮಷೀನ್ ಸುತ್ತಿದಂಗ ಸುತ್ತೀರಿ."

ಮೊದಲ ದಿನ ಯಮನೂರಸಾಬ ಅದನ್ನು ಚಹಾದಂಗಡಿಯಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದ. ಎರಡನೆಯ ದಿನ ತನಗೆ ತಾನೇ ಓದಿಕೊಂಡ. ಮೂರನೆಯ ದಿನ ಓದುವಾಗ ಜೋಮು ಹಿಡಿದ ಬಲಗೈ ಕಣ್ಣಿಗೆ ಬಿತ್ತು. ಮಂದಿಯ ಹಾಡು ಕೇಳದೆ ತೆಗೆದುಕೊಂಡರೆ ಕದ್ದಂತೆ ಎಂದಳಲ್ಲ ಮಗಳು, ಹಾಗಾದರೆ ಮಗಳ ಕೈ? ಹಾಡಿನ ಒಡೆಯರು ತಕರಾರು ಎತ್ತಿದರು. ಈ ಕೈಯ ಒಡತಿ ಪರದೆಯ ಹಿಂದೆ ಕೂತು, ಬಂದ ಹೊಗಳಿಕೆಗೆಲ್ಲ ಅಪ್ಪನ ಪರವಾಗಿ ಶುಕ್ರಿಯಾ ಬರೆಯುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಹೇಳಿಬಿಡೋಣ ಅಂದರೆ ಆ ಟಂಟಂ ಗಾಡಿ ನೆನಪಾಗುತ್ತಿತ್ತು. ಇಪ್ಪತ್ತೆಂಟು ವರ್ಷ ಕಟ್ಟಿದ ಹೆಸರು, ಗಿರಾಕಿಗಳು ಒಬ್ಬೊಬ್ಬರಾಗಿ ಮೋಟಾರು ಎತ್ತಿಕೊಂಡು ಹೋದರೆ?

ಅಷ್ಟರಲ್ಲಿ ಇನ್ನೊಬ್ಬ ಬರೆದ: "ಉಸ್ತಾದ್ರ, ಕಿಣಿಕಿಣಿ ಅಂತ ಬಳಿ ಸಪ್ಪಳ ಕೇಳತೈತಿ. ಬಳಿ ಇಟಗೊಂಡೀರೇನು?" ಅದರ ಕೆಳಗೆ ಅರವತ್ತು ಜನ ನಕ್ಕಿದ್ದರು.

ಎಲ್ಲ ನೋಡಿಕೊಂಡಿದ್ದ ಮುನ್ನಿ ಉದ್ದ ತೋಳಿನೊಳಗಿದ್ದ ತನ್ನ ಗಾಜಿನ ಬಳೆಯ ಸಪ್ಪಳವನ್ನೇ ಮರೆತಿದ್ದಳು. ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಅಂಗಡಿಗೆ ಬಂದಳು. ಹಿಂದೆಯೇ ನೂರಜಾನಬಿ ಬಳೆ ಹಿಡಿದುಕೊಂಡು ಬಂದಳು.

"ಹಬ್ಬಕ್ಕ ಆಸೆಪಟ್ಟು ಇಡಿಸಿಕೊಂಡ ಬಳಿ ತಗದಾಳ ನೋಡ್ರಿ. ಯಾಕಂದ್ರ ಸಪ್ಪಳ ಬರತೈತಂತ. ಮೊದಲ ಮಾರಿ ಮುಚ್ಚಿದ್ರಿ, ಈಗ ಸಪ್ಪಳಾನೂ ಮುಚ್ಚತೀರೇನು?"

"ಅಮ್ಮಾ, ನಾನ ತಗದೀನಿ, ಅಬ್ಬಾ ಏನೂ ಅಂದಿಲ್ಲ" ಅಂದಳು ಮುನ್ನಿ. ಯಮನೂರಸಾಬ ತಲೆ ತಗ್ಗಿಸಿ ಸ್ಪ್ಯಾನರು ಹುಡುಕಿದ. ಅದು ಕೈಯಲ್ಲೇ ಇತ್ತು.

ಆ ಹೊತ್ತಿಗೇ ಅಂಗಡಿಯ ಮುಂದೆ ಒಂದು ಗಾಡಿ ನಿಂತಿತು. ಅಳವಂಡಿಯ ರೈತ ವಿರೂಪಾಕ್ಷಪ್ಪ, ದೊಡ್ಡ ಮೋಟಾರನ್ನು ಹಮಾಲರಿಂದ ಕೆಳಗಿಳಿಸಿ, ತಲೆಯ ಪಟಗ ಬಿಚ್ಚಿ ಮುಖ ಒರೆಸಿಕೊಂಡ.

"ಉಸ್ತಾದ್ರ, ನಿಮ್ಮ ವಿಡಿಯೋ ನೋಡಿ ಬಂದೀನ್ರಿ. ಆರು ತಿಂಗಳಾಗ ಎರಡ ಸಲ ಸುಟ್ಟೈತಿ ಇದು. ಬ್ಯಾರೆ ಕಡೆ ಕಟ್ಟಿಸಿ ಸಾಕಾತು. ವಿಡಿಯೋದಾಗ ಕಂಡ ಆ ಕೈಲೇ ಕಟ್ಟಬೇಕು. ನಾ ಇಲ್ಲೇ ಕುಂತು ನೋಡತೀನಿ."

ಅಂದವನೇ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಏಳುವ ಗಿರಾಕಿಯಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಪರದೆಯ ಅಂಚಿನಲ್ಲಿ ಮುನ್ನಿ ನಿಂತಿದ್ದಳು. ಅವಳ ಕಣ್ಣು ಅಪ್ಪನ ಮೇಲಿತ್ತು, ನೂರಜಾನಬಿಯ ಕಣ್ಣೂ ಅವನ ಮೇಲಿತ್ತು. ನಾಳೆ ಬನ್ನಿ ಅನ್ನಬಹುದಿತ್ತು. ಕರೆಂಟಿಲ್ಲ ಅನ್ನಬಹುದಿತ್ತು. ಇಂಥ ಸುಳ್ಳು ಅವನು ಎರಡು ವರ್ಷದಲ್ಲಿ ಬೇಕಾದಷ್ಟು ಹೇಳಿದ್ದ.

ಯಮನೂರಸಾಬ ಎದ್ದ. ಎಡಗೈಯಿಂದ ಪರದೆ ಹಿಡಿದು ಎಳೆದ. ಎರಡು ವರ್ಷದ ಮೊಳೆ, ಒಂದೇ ಎಳೆತಕ್ಕೆ ಗೋಡೆಯ ಗಾರೆ ಸಮೇತ ಕಿತ್ತು ಬಂತು.

"ವಿಡಿಯೋದಾಗಿನ ಕೈ ನನ್ನವಲ್ರಿ" ಅಂದ. "ಇಕಿ ನನ್ನ ಮಗಳು. ಆ ಕೈ ಇಕಿವು."

ವಿರೂಪಾಕ್ಷಪ್ಪ ಮುನ್ನಿಯನ್ನು ನೋಡಿದ, ಮೋಟಾರನ್ನು ನೋಡಿದ. ಪಟಗ ಮತ್ತೆ ತಲೆಗೆ ಸುತ್ತತೊಡಗಿದ. ಇವನೂ ಹೊರಟ ಅಂದುಕೊಂಡ ಯಮನೂರಸಾಬ.

"ಸುಟ್ಟರ?" ಎಂದ ವಿರೂಪಾಕ್ಷಪ್ಪ.

"ಸುಟ್ಟರ ನನ್ನ ಬೋರ್ಡ್ ಇಳಸತೀನಿ. ಎರಡು ವರ್ಷದಾಗ ಇಕಿ ಕಟ್ಟಿದ್ದು ಒಂದೂ ಸುಟ್ಟಿಲ್ಲ. ಇಪ್ಪತ್ತೆಂಟು ವರ್ಷದಾಗ ನಾ ಕಟ್ಟಿದ್ದು ಎಷ್ಟು ಸುಟ್ಟಾವಂತ ಊರ ಮಂದೀನ ಕೇಳ್ರಿ, ಹೇಳತಾರ."

ವಿರೂಪಾಕ್ಷಪ್ಪ ಪಟಗದ ತುದಿ ಸಿಕ್ಕಿಸಿ ಮುನ್ನಿಯ ಕೈ ನೋಡಿದ. "ನಾ ಆ ಕೈ ನೋಡಿ ಬಂದೀನಿ" ಅಂದ. "ಕೈ ಮುಂದ ಅದಾವ. ಕಟ್ಟವ್ವ, ನೋಡೂಣು." ನಂಬಿಕೆ ಪೂರಾ ಬಂದಿರಲಿಲ್ಲ, ಆದರೆ ಬೆಂಚು ಬಿಟ್ಟು ಏಳಲಿಲ್ಲ.

ಯಮನೂರಸಾಬ ನೂರಜಾನಬಿಯ ಕಡೆ ಕೈ ಚಾಚಿದ. ಬಳೆ ತೆಗೆದುಕೊಂಡು ಮಗಳಿಗೆ ಕೊಟ್ಟ. "ಇಟಗೋ. ಆಮ್ಯಾಲ ಫೋನ್ ಇತ್ತಾಗ ಕೊಡು. ಇವತ್ತ ವಿಡಿಯೋ ನಾ ತಗೀತೀನಿ."

ಹುಟ್ಟಿದಾಗಿನಿಂದ ಅವನು ವಿಡಿಯೋ ತೆಗೆದವನಲ್ಲ. ಫೋನನ್ನು ಎಡಗೈಯಲ್ಲಿ ತಟ್ಟೆಯಂತೆ ಹಿಡಿದು, ಗಂಟಲು ಸರಿಮಾಡಿಕೊಂಡು, ಎದೆಯಲ್ಲಿದ್ದುದನ್ನೆಲ್ಲ ಹೇಳಿದ. ಬೆರಳು ಜೋಮು ಹಿಡಿದದ್ದು, ಪರದೆ ಕಟ್ಟಿದ್ದು, ಮಂದಿ ಹೊಗಳಿದಾಗ ತಾನು ಸುಮ್ಮನಿದ್ದದ್ದು, ಹತ್ತು ವರ್ಷದ ಮುನ್ನಿ ಮೊದಲ ಸಲ ತಂತಿ ಹಿಡಿದಾಗ ಬೆರಳು ಕೊಯ್ದುಕೊಂಡು ಅಳದೆ ಇದ್ದದ್ದು. ಮುನ್ನಿ ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

"ಉಸ್ತಾದ್ರ" ಎಂದ ವಿರೂಪಾಕ್ಷಪ್ಪ ಬೆಂಚಿನಿಂದ ಬಗ್ಗಿ, "ಫೋನಿನಾಗ ಕೆಂಪು ಚುಕ್ಕಿ ಬಂದಂಗ ಕಾಣವಲ್ದು ನೋಡ್ರಿ."

ಬಂದಿರಲಿಲ್ಲ. ಉಸ್ತಾದ ಒತ್ತಬೇಕಾದ್ದನ್ನು ಒತ್ತಿಯೇ ಇರಲಿಲ್ಲ, ಆಡಿದ ಒಂದು ಮಾತೂ ಫೋನಿಗೆ ಇಳಿದಿರಲಿಲ್ಲ. ಮೊದಲು ನೂರಜಾನಬಿ ನಕ್ಕಳು, ಆಮೇಲೆ ಎಲ್ಲರೂ. ಕಣ್ಣಲ್ಲಿ ನೀರು ಇಟ್ಟುಕೊಂಡೇ ಮುನ್ನಿ ಎದ್ದು ಬಂದು ಒತ್ತುವ ಜಾಗ ತೋರಿಸಿದಳು.

ಎರಡನೆಯ ಸಲ ಅವನಿಗೆ ಅಷ್ಟು ಮಾತು ಬೇಕಾಗಲಿಲ್ಲ. ಕೆಂಪು ಚುಕ್ಕಿ ಎರಡೆರಡು ಸಲ ನೋಡಿಕೊಂಡು ಹೇಳಿದ: "ಇಕಿ ಮುನ್ನಿ, ನನ್ನ ಮಗಳು. ನೀವು ಹೊಗಳಿದ ಕೈ ಇಕಿವು, ಬಳಿ ಸಪ್ಪಳಾನೂ ಇಕಿದು. ಈ ಅಂಗಡಿ ಉಸ್ತಾದ ಈಗ ಇಕಿನ."

ಮುನ್ನಿ ಮೋಟಾರು ಬಿಚ್ಚಿ, ಕರಕಲು ತಂತಿ ಕಿತ್ತು, ಹೊಸ ತಂತಿ ಕೈಗೆತ್ತಿಕೊಂಡಳು. ಮೊದಲ ಕಿಂಡಿಗೆ ತಂತಿ ಇಳಿಸಿ, ಎಣಿಸಬೇಕು ಅನ್ನುವಷ್ಟರಲ್ಲಿ, ತನಗೆ ಅರಿವಿಲ್ಲದೆ ಮೋಟಾರನ್ನು ಎಳೆದುಕೊಂಡು ಫೋನಿಗೆ ಬೆನ್ನು ಮಾಡಿ ಕೂತಳು.

ಯಮನೂರಸಾಬನಿಗೆ ಆ ಬೆನ್ನಿನ ಗುರುತು ಹತ್ತಿತು. ಅದು ಹಾಜಿಸಾಬನ ಬೆನ್ನು, ಅವನ ನಂತರ ತನ್ನ ಬೆನ್ನು. ಬೆನ್ನು ತಿರುಗಿಸುವ ಈ ವಿದ್ಯೆಯನ್ನು ಮಗಳಿಗೆ ತಾನು ಹೇಳಿಕೊಟ್ಟಿರಲಿಲ್ಲ, ಅವಳು ನೋಡಿ ಕಲಿತಿದ್ದಳು.

"ತಿರುಗು, ಬೇಟಾ" ಅಂದ.

"ಎಣಿಕಿ, ಅಬ್ಬಾ... ಎಲ್ಲಾರೂ ನೋಡತಾರ."

"ನೋಡಲಿ. ನಿನ್ನ ಮಾರಿನೂ ನೋಡಲಿ, ಎಣಿಕಿನೂ ನೋಡಲಿ. ಜ್ವಾರಾಗಿ ಎಣಸು."

ಮುನ್ನಿ ತಿರುಗಿದಳು. ಕಿಟಕಿಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಒಂದು, ಎರಡು, ಮೂರು ಎಂದು ಅವಳು ಎಣಿಸತೊಡಗಿದಳು. ಪ್ರತಿ ಸುತ್ತಿಗೂ ಬಳೆ ಕಿಣಿ ಅನ್ನುತ್ತಿತ್ತು. ಬೆಂಚಿನ ಮೇಲೆ ವಿರೂಪಾಕ್ಷಪ್ಪನೂ ಅವಳ ಜೊತೆ ತುಟಿ ಅಲ್ಲಾಡಿಸುತ್ತಿದ್ದ. ಫೋನು ಹಿಡಿದ ಯಮನೂರಸಾಬ ಎಣಿಸಲಿಲ್ಲ. ಎಣಿಕೆ ತಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅವನು ಮಗಳ ಮುಖವನ್ನೇ ನೋಡುತ್ತ ನಿಂತ.