ಬಾವಾಕನ ಸಂಶಯ

ಮದುವೆಯಾಗಿ ಕತಾರಿಗೆ ಬಂದಾಗ ಅರ್ಧಕ್ಕೆ ಬಿಟ್ಟ ಓದನ್ನು ರೈಹಾನಾ ನಲವತ್ತು ದಾಟಿದ ಮೇಲೆ ಮತ್ತೆ ಕೈಗೆತ್ತಿಕೊಂಡಳು. ದೂರಶಿಕ್ಷಣದ ಬಿ.ಎ., ಕನ್ನಡ ಮಾಧ್ಯಮ. ಗಟ್ಟಿಯಾಗಿ ಓದಿದರೆ ಮಾತ್ರ ಅವಳಿಗೆ ತಲೆಗೆ ಹತ್ತುತ್ತಿತ್ತು. ಗಂಡ ಅಝರ್ ದೋಹಾದ ವೆಸ್ಟ್ ಬೇಯ ಆಫೀಸಿನಿಂದ ಬರುವುದೇ ಕತ್ತಲಾದ ಮೇಲೆ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅಮ್ಮನ ಪಠ್ಯಪುಸ್ತಕವೆಂದರೆ ನಗು. ಹಾಗಾಗಿ ಮದೀನತ್ ಖಲೀಫಾ ಬಡಾವಣೆಯ ಆ ಮನೆಯಲ್ಲಿ ಅವಳ ಓದಿಗೆ ಕಿವಿಗೊಟ್ಟವರು ಒಬ್ಬರೇ, ಮಾವ ಬಾವಾಕ.

ಉಳ್ಳಾಲದಿಂದ ಹಡಗಿನಲ್ಲಿ ಬಂದು, ದೋಹಾದ ಹಳೇ ಪೇಟೆ ಸೂಕಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ಮನೆ ಕಟ್ಟಿದವರು ಅವರು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪತ್ರಿಕೆ ಓದಲಾಗುತ್ತಿರಲಿಲ್ಲ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಹಾಲಿಲ್ಲದ ಸುಲೈಮಾನಿ ಚಾ ಹಿಡಿದು ಕಿಟಕಿಯ ಪಕ್ಕ ಕೂತರೆ ಸೊಸೆ ಪುಸ್ತಕ ತೆರೆಯಬೇಕು.

ಆ ಚಳಿಗಾಲದಲ್ಲಿ ಅವಳು ಓದುತ್ತಿದ್ದದ್ದು ಆಧುನಿಕ ಯುರೋಪಿನ ಇತಿಹಾಸ. ಇಟಲಿಯ ಗಣಿತದ ಮೇಷ್ಟ್ರೊಬ್ಬರು ದುರ್ಬೀನು ಎತ್ತಿ ಗುರುಗ್ರಹದ ಸುತ್ತ ಚಂದ್ರರನ್ನು ಕಂಡದ್ದು, ಭೂಮಿ ತಿರುಗುತ್ತದೆ ಎಂದದ್ದಕ್ಕೆ ಮುಪ್ಪಿನಲ್ಲಿ ಮನೆಯೊಳಗೇ ಬಂದಿಯಾದದ್ದು, ಕೊನೆಗೆ ಆ ಕಣ್ಣುಗಳೇ ಕುರುಡಾದದ್ದು.

"ಅಯ್ಯೋ ಪಾಪ," ಎಂದು ಬಾವಾಕ ಚಾ ಕೆಳಗಿಟ್ಟರು. "ಅಷ್ಟು ಕಂಡವನಿಗೆ ಹಾಗಾಗ್ಬಾರ್ದಿತ್ತು."

ಹಾಲೆಂಡಿನ ಯಹೂದಿ ತರುಣನೊಬ್ಬನ ಕಥೆ ಅವರಿಗೆ ಇನ್ನೂ ಹೆಚ್ಚು ಹಿಡಿಸಿತು. ಧರ್ಮಗ್ರಂಥವನ್ನೂ ಬುದ್ಧಿಯಿಂದ ಪರೀಕ್ಷಿಸಬೇಕು ಎನ್ನುತ್ತಿದ್ದ ಅವನನ್ನು ಸ್ವಂತ ಜನರೇ ಹೊರಹಾಕಿದ್ದರು. ಅವನು ದುರ್ಬೀನಿಗೆ ಮಸೂರ ಉಜ್ಜಿಕೊಡುವ ಕೆಲಸ ಮಾಡುತ್ತ, ಬಿಡುವಿನಲ್ಲಿ ಬರೆಯುತ್ತ ಬದುಕಿದ. ಅವನು ಹೇಳಿದ್ದೆಲ್ಲ ಬಾವಾಕ ಒಪ್ಪಲಿಲ್ಲ. ಆದರೂ, "ಕೈಕೆಲಸ ಮಾಡಿ ಉಂಡಿದ್ದಾನೆ, ಯಾರ ಮುಂದೆಯೂ ಕೈ ಚಾಚಲಿಲ್ಲ," ಎಂದು ಅವನ ಮಾತು ಬಂದಾಗೆಲ್ಲ ತಲೆಯಾಡಿಸುತ್ತಿದ್ದರು. ಹೆಸರು ನಾಲಗೆಗೆ ಹೊರಳದೆ 'ಗಾಜು ಉಜ್ಜುವ ಹುಡುಗ' ಎಂದೇ ಕರೆದರು.

ಒಂದು ದಿನ ರೈಹಾನಾ ಪುಸ್ತಕ ಮುಚ್ಚಿ ಕೇಳಿದಳು.

"ಮಾಮಾ, ಕಣ್ಣಿನ ಆಪರೇಶನ್ ಮಾಡಿಸುವ. ಎಷ್ಟು ವರ್ಷದಿಂದ ಹೇಳ್ತಾ ಇದ್ದೇವೆ ನಾವು."

"ಖಲಾಸ್, ಆ ಸುದ್ದಿ ಬೇಡ."

"ಎಂತಕ್ಕೆ ಬೇಡ?"

"ಫ್ರಾನ್ಸಿನವ ಒಬ್ಬ ಎಂತ ಹೇಳಿದ್ದು ಅಂತ ನೀನೇ ಓದಿದ್ಯಲ್ಲ? ಎಲ್ಲದರ ಮೇಲೂ ಒಮ್ಮೆ ಸಂಶಯ ಪಡ್ಬೇಕು ಅಂತ. ನನಗೆ ಡಾಕ್ಟ್ರ ಮೇಲೆ ಸಂಶಯ."

ಅವಳು ನಕ್ಕುಬಿಟ್ಟಳು. ಅವರು ನಗಲಿಲ್ಲ. ಇಷ್ಟು ವರ್ಷ ಮಗನಿಗೂ ಹೇಳದ್ದನ್ನು ಹೇಳಿದರು. ಅವರ ಅಕ್ಕ ಹವ್ವಮ್ಮ, ತೀರಿಹೋಗಿ ಬಹಳ ಕಾಲವಾಯಿತು, ಊರಿನ ಶಾಲೆಯಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡಿದ್ದರು. ಕಣ್ಣು ಕೀವಾಗಿ ಹೋಗಿಬಿಟ್ಟಿತು.

"ನಾನು ಪಕ್ಕದಲ್ಲೇ ನಿಂತಿದ್ದೆ ಮಗಳೇ. ಎಂತ ಮಾಡ್ತೀರಿ, ಏನಾದ್ರೂ ಆದ್ರೆ ಎಂತ ಗತಿ, ಯಾರೂ ಒಂದು ಮಾತು ಕೇಳ್ಲಿಲ್ಲ. ದೊಡ್ಡವರ ಹತ್ರ ಕೇಳ್ಲಿಕ್ಕುಂಟಾ ಆಗ?"

ಸಮಾಧಾನದ ಮಾತು ಅವರಿಗೆ ಬೇಕಿರಲಿಲ್ಲ. ರೈಹಾನಾ ಮೆಲ್ಲಗೆ, "ಆ ಕಾಲದವರು ಸಂಶಯ ಪಟ್ಟು ಸುಮ್ಮನೆ ಮನೆಯಲ್ಲಿ ಕೂರ್ಲಿಲ್ಲ ಮಾಮಾ," ಎಂದಳು. "ರಾಜನ ಹತ್ರ ಕೇಳಿದ್ರು, ಪಾದ್ರಿಯ ಹತ್ರ ಕೇಳಿದ್ರು. ಉತ್ತರ ಸಿಗದಿದ್ರೆ ತಾವೇ ಹುಡುಕಿದ್ರು. ನೀವೂ ಕೇಳಿ. ಉತ್ತರ ಸರಿಯಾಗದಿದ್ರೆ ಎದ್ದು ಬರುವ. ನಾನೇ ಕರ್ಕೊಂಡು ಬರ್ತೇನೆ."

ಬಾವಾಕ ಗಡ್ಡ ಸವರಿಕೊಂಡರು. ವಾರ ಕಳೆದ ಮೇಲೆ, ತಾವಾಗಿಯೇ, "ಯಲ್ಲಾ, ನಡಿ, ಹೋಗಿ ಕೇಳುವ," ಎಂದರು.

ಡಾಕ್ಟರ್ ರೆಮಿಜಿಯಸ್ ಮಂಗಳೂರಿನವರು. ತುಳುವಿನಲ್ಲೇ ಯೋಗಕ್ಷೇಮ ವಿಚಾರಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಆಪರೇಶನ್ ಸುಲಭ, ಹೆದರಬೇಡಿ ಎಂದರು. ಬಾವಾಕ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಕ್ಕನ ಕಣ್ಣು ಹೋದ ಕಥೆ ಹೇಳಿದರು.

"ಡಾಕ್ಟ್ರೇ, ನಿಮ್ಮ ಕೈಯಲ್ಲಿ ಇಷ್ಟರವರೆಗೆ ಎಷ್ಟು ಜನರ ಕಣ್ಣು ಹಾಳಾಗಿದೆ?"

ರೈಹಾನಾ ನಾಚಿಕೆಯಿಂದ ಸೆರಗು ಎಳೆದುಕೊಂಡಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ಮುಖದ ನಗು ಹೋಯಿತು, ಆದರೆ ಸಿಟ್ಟು ಬರಲಿಲ್ಲ.

"ಇಬ್ಬರದ್ದು," ಎಂದರು. "ಒಬ್ಬರಿಗೆ ಸೋಂಕಾಯ್ತು. ಇನ್ನೊಬ್ಬರಿಗೆ ಎಂತಕ್ಕೆ ಹಾಗಾಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."



"ಗೊತ್ತಿಲ್ಲ ಅಂತ ಹೇಳ್ತೀರಲ್ಲ," ಬಾವಾಕ ಬೆರಗಿನಿಂದ ಕೇಳಿದರು, "ನಾಳೆ ನಿಮ್ಮ ಹತ್ರ ಯಾರು ಬರ್ತಾರೆ?"

"ಸುಳ್ಳು ಹೇಳಿ ಎಂತ ಮಾಡುವುದು ಬಾವಾಕ? ಪೊರೆಯನ್ನು ಕಣ್ಣಿನಿಂದ ಹೊರಗೆ ತೆಗೆಯುವ ಕ್ರಮವನ್ನು ಬಳಕೆಗೆ ತಂದವರು ಫ್ರಾನ್ಸಿನ ಒಬ್ಬ ಡಾಕ್ಟ್ರು. ಇನ್ನೂರೈವತ್ತು ವರ್ಷಕ್ಕೂ ಹಿಂದೆ. ಅವರು ಗೆದ್ದದ್ದರ ಜೊತೆ ಸೋತದ್ದನ್ನೂ ಎಲ್ಲರೆದುರು ಹೇಳಿದ್ರು. ಹಾಗಾಗಿ ಅವರ ನಂತರದವರಿಗೆ ತಿದ್ದಿಕೊಳ್ಳಲಿಕ್ಕೆ ಆಯ್ತು. ನಿಮ್ಮ ಅಕ್ಕನ ಕಾಲಕ್ಕಿಂತ ಈಗ ಸೋಂಕು ತುಂಬ ಕಮ್ಮಿ. ಇಲ್ಲವೇ ಇಲ್ಲ ಅಂತ ಮಾತ್ರ ನಾನು ಹೇಳುವುದಿಲ್ಲ."

ಬಾವಾಕ ಬೆರಳಿನಿಂದ ಬಲಗಣ್ಣು ತೋರಿಸಿದರು.

"ಒಂದು ಕಣ್ಣು ಮಾಡಿ. ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಹೋಲಿಸಿ ನೋಡಿ ಆಮೇಲೆ ಹೇಳ್ತೇನೆ."

"ನಾವು ಯಾವಾಗಲೂ ಒಂದೊಂದೇ ಮಾಡುವುದು," ಡಾಕ್ಟರು ನಕ್ಕರು.

ಬಲಗಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಬಾವಾಕ ಕಿಟಕಿಯ ಪರದೆಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿದರು, ಬಿಟ್ಟರು, ಮತ್ತೊಂದು ಮುಚ್ಚಿದರು. ಎಡಗಣ್ಣಿಗೆ ಪರದೆ ಚಹಾ ಚೆಲ್ಲಿದ ಬಣ್ಣ. ಬಲಗಣ್ಣಿಗೆ ಹೊಸ ಮಲ್ ಬಟ್ಟೆಯ ಹಾಗೆ ಬೆಳ್ಳಗೆ.

"ಇದು ಬಿಳಿಯಾ!" ಎಂದು ಕೂಗಿದರು. "ಇಷ್ಟು ಸಮಯ ನಾನು, ಈ ಹುಡುಗಿಗೆ ಬಟ್ಟೆ ಒಗೀಲಿಕ್ಕೆ ಬರುವುದಿಲ್ಲ ಅಂತ ಗ್ರಹಿಸಿದ್ದು!"

ರೈಹಾನಾ ನಗುತ್ತ ನಗುತ್ತ ಅತ್ತಳು. ಮುಂದಿನ ತಿಂಗಳು ಎಡಗಣ್ಣೂ ಆಯಿತು.

ಕಣ್ಣು ಪೂರ್ತಿ ವಾಸಿಯಾದ ಮೇಲೆ ಶುಕ್ರವಾರವೊಂದರ ಮಧ್ಯಾಹ್ನ ಅಝರ್ ಎಲ್ಲರನ್ನೂ ದುಖಾನ್ ಕಡಲಿಗೆ ಕರೆದೊಯ್ದ. ಉದ್ದ ದಾರಿಯುದ್ದಕ್ಕೂ ಬಾವಾಕ ಕಂಡ ಫಲಕಗಳನ್ನೆಲ್ಲ ಅರಬಿಯಲ್ಲಿ ಓದಿ ಮೊಮ್ಮಕ್ಕಳಿಗೆ ಹೇಳುತ್ತಲೇ ಇದ್ದರು. ದಡದಲ್ಲಿ ಚಾಪೆ ಹಾಸಿ, ನಮಾಜು ಮಾಡಿ, ಕೈ ಎತ್ತಿ ಬಹಳ ಹೊತ್ತು ಕೂತರು.

"ಎಂತ ಕೇಳಿದ್ರಿ ಮಾಮಾ, ಅಷ್ಟು ಹೊತ್ತು?"

"ಕೇಳಲಿಕ್ಕೆ ಎಂತ ಬಾಕಿ ಉಂಟು? ದೇವರ ಉಪಕಾರ ನೆನೆದು ಶುಕ್ರ್ ಹೇಳಿದೆ. ಆ ಇಟಲಿಯ ಮುದುಕನಂಥವರನ್ನು, ಆ ಗಾಜು ಉಜ್ಜುವ ಹುಡುಗನಂಥವರನ್ನು ಹುಟ್ಟಿಸಿದ್ದಕ್ಕೆ. ಅವರ ಜನ ಅವರಿಗೆ ಹೇಳಲೇ ಇಲ್ಲ ಅಲ್ವಾ ಒಂದು ಒಳ್ಳೆ ಮಾತು."

ರೈಹಾನಾ ಚಾಪೆಯ ಅಂಚಿನಲ್ಲಿ ಕೂತಳು. ತಾನು ಓದಿದ್ದನ್ನು ಕೇಳಿ, ಅದರೊಂದಿಗೆ ಜಗಳವಾಡಿ, ತನ್ನ ಮಾತಿಗೆ ಬೆಲೆ ಕೊಟ್ಟು ಡಾಕ್ಟರ ಬಾಗಿಲವರೆಗೆ ಬಂದವರು ಇವರೊಬ್ಬರೇ ಎಂದು ಅವಳಿಗೆ ಅನ್ನಿಸಿತು. ಅದನ್ನು ಹೇಳಿದಳು ಕೂಡ.

"ಅದಿರಲಿ," ಎಂದರು ಬಾವಾಕ. ಅವರಿಗೆ ಮುಜುಗರವಾಗಿತ್ತು. "ಪರೀಕ್ಷೆ ಯಾವಾಗ ನಿನ್ನದು? ಆ ಫ್ರಾನ್ಸಿನವನ ಪಾಠ ನಿನಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಹೇಳು ನೋಡುವ, ಎಲ್ಲದರ ಮೇಲೂ ಸಂಶಯ ಪಟ್ಟ ಮೇಲೆ ಅವನ ಕೈಯಲ್ಲಿ ಉಳಿದದ್ದು ಎಂತ?"

ಅವಳು ಮರಳಿನಲ್ಲಿ ಕಾಲು ಚಾಚಿ, "ಸಂಶಯ ಪಡುವ ನಾನು ಒಬ್ಬ ಇದ್ದೇನಲ್ಲ, ಅದು ಮಾತ್ರ," ಎಂದು ಮೊದಲಿನಿಂದ ಹೇಳತೊಡಗಿದಳು.